ಮಣ್ಣಾಗುವ ತನಕ ಟಿವಿ ಬಂದ್

ಗುರುವಾರ ಮಧ್ಯಾಹ್ನದಿಂದ ಕೇಬಲ್ ಶಿವಮೂರ್ತಿಗೆ ಒಂದೇ ಕೆಲಸ. ಮೊಬೈಲನ್ನು ಜೇಬಿನಿಂದ ತೆಗೆಯುವುದು, ನೋಡುವುದು, ಮತ್ತೆ ಜೇಬಿಗಿಳಿಸುವುದು. ಯಾರದೂ ಫೋನಿಲ್ಲ. ಕೆಟ್ಟಿದೆಯೇನೋ ಅಂತ ಹೆಂಡತಿ ವಿಮಲಮ್ಮನ ಫೋನಿನಿಂದ ತನಗೆ ತಾನೇ ಮಾಡಿ ನೋಡಿದ. ಹಾಳಾದ್ದು ಚೆನ್ನಾಗಿಯೇ ಬಡಿದುಕೊಂಡಿತು.

ಆಗಿದ್ದಿಷ್ಟು. ಬುಧವಾರ ರಾತ್ರಿ ಬೀಸಿದ ಗಾಳಿಗೆ ಕೆರೆ ಏರಿ ಕೆಳಗಿನ ತೋಟದಲ್ಲಿ ಒಂದು ಒಣಗಿದ ಗರಿ ಬಿದ್ದು ಕೇಬಲ್ ತುಂಡಾಗಿತ್ತು. ಹಾಲ್ಕುರಿಕೆ ದಾರಿಯ ತನ್ನ ಊರಿಗೆ ಇಪ್ಪತ್ತೆರಡು ವರ್ಷದ ಹಿಂದೆ ಅವನು ಕೇಬಲ್ ಎಳೆದದ್ದು ಕಂಬದಿಂದ ಕಂಬಕ್ಕಲ್ಲ, ತೆಂಗಿನ ಮರದಿಂದ ತೆಂಗಿನ ಮರಕ್ಕೆ. ಗರಿ ಬಿದ್ದರೂ ಹೋಗುತ್ತಿತ್ತು, ಕಾಯಿ ಕೆಡವಿದರೂ ಹೋಗುತ್ತಿತ್ತು. ಹೋದ ಐದು ನಿಮಿಷಕ್ಕೆ ಫೋನಿನಲ್ಲಿ ಬೈಗುಳದ ಮಳೆ. "ಲೇ ಮೂರ್ತಿ, ಮಗು ಯಾರ್ದು ಅಂತ ಹೇಳೋ ಹೊತ್ಗೆ ಸೀರಿಯಲ್ ಹೋಯ್ತಲ್ಲೋ!" ಅವನು ತಟ್ಟೆ ಮುಂದಿನಿಂದ ಎದ್ದು ಏಣಿ ಹೊತ್ತು ಓಡುತ್ತಿದ್ದ. ಆಗ ಆ ಬೈಗುಳಕ್ಕೆ ಮೈ ಪರಚಿಕೊಳ್ಳುತ್ತಿದ್ದವನು, ಈಗ ಒಂದೇ ಒಂದು ಬೈಗುಳಕ್ಕೆ ಬಾಯಿ ಬಿಡುತ್ತಿದ್ದ.

ಊರಬೀದಿಯ ಮನೆಗಳೆಲ್ಲ ಇಂಟರ್ನೆಟ್ಟಿಗೆ ಬಿದ್ದು ಎರಡು ವರ್ಷವಾಗಿತ್ತು. ಬೇಕಾದ ಸಿನಿಮಾ, ಬೇಕಾದ ಹೊತ್ತಿಗೆ. ತಪ್ಪೇನು ಅನ್ನೋಣ? ಕೇಬಲ್ಲಿನವನ ಹೆಂಡತಿಯೇ ಸೀರಿಯಲ್ ನೋಡುವುದು ಫೋನಿನಲ್ಲಿ. ಕೆರೆಯಾಚೆ ಬಿಡಿಬಿಡಿಯಾಗಿರುವ ಒಂಬತ್ತು ತೋಟದ ಮನೆಗಳಷ್ಟೇ ಅವನಿಗೆ ಉಳಿದಿದ್ದು. ಅವುಗಳ ಮೇಲೂ ಇಂಟರ್ನೆಟ್ ಕಂಪನಿಯ ಕಣ್ಣು ಬಿದ್ದು, ಅರುಣ್ ಕುಮಾರ್ ಎಂಬ ಏಜೆಂಟ್ ಸೋಮವಾರ ಬಂದಿದ್ದ.

"ಸಾರ್, ನಿಮ್ ಕೇಬಲ್ ಇಳ್ಸಿ, ಅದೇ ಮರಗಳ ಮೇಲೆ ನಮ್ ವೈರ್ ಎಳ್ಕೊಡಿ. ತೋಟದೋರು ನಿಮ್ಮನ್ನ ಬಿಟ್ರೆ ಬೇರೆಯೋರ್ಗೆ ಮರ ಮುಟ್ಟಕ್ಕೇ ಬಿಡಲ್ಲ. ಲೈನ್‌ಮನ್ ಕೆಲ್ಸ ನಿಮ್ಗೇ. ಶನಿವಾರ ಸಂಜೆ ಬತ್ತೀನಿ, ಒಂದ್ ಸೈನ್ ಹಾಕ್ಬುಡಿ."

ಗುರುವಾರ ಮಧ್ಯಾಹ್ನ ತುಂಡಾದ ತಂತಿ ಕಂಡಾಗ ಮೂರ್ತಿ ಏಣಿಗೆ ಕೈ ಹಾಕಿದ್ದ, ಮತ್ತೆ ತೆಗೆದ. ನೋಡೇ ಬಿಡೋಣ ಅಂದುಕೊಂಡ. ಶನಿವಾರ ಸಂಜೆಯೊಳಗೆ ಒಂಬತ್ತರಲ್ಲಿ ಒಂದು ಮನೆಯವರು ಟಿವಿ ಬರುತ್ತಿಲ್ಲ ಅಂದರೂ ಸೈನ್ ಹಾಕುವುದಿಲ್ಲ. ಒಬ್ಬರೂ ಕೇಳದಿದ್ದರೆ ಹಾಕಿ ಕೈತೊಳೆದುಕೊಳ್ಳುವುದು.

ಶುಕ್ರವಾರ ಕೂತಲ್ಲಿ ಕೂರಲಾಗಲಿಲ್ಲ. ಏರಿ ತನಕ ಹೋದ, ತಿರುಗಿ ಬಂದ. ಸ್ನಾನಕ್ಕೆ ಹೋದರೂ ಫೋನು ಬಚ್ಚಲ ಗೂಡಿನಲ್ಲಿ. ವಿಮಲಮ್ಮನಿಗೆ ರೇಗಿತು.

"ಏನ್ರೀ ಇದು, ಬಾಲ ಸುಟ್ಟ ಬೆಕ್ಕಿನಂಗೆ! ಹುಳಿಯಾರ್ಗೆ ಹೋಗಿ ಅಪ್ಪನ್ನಾದ್ರೂ ನೋಡ್ಕಂಡು ಬರಾನ ಬನ್ನಿ. ಹಾಸಿಗೆ ಹಿಡ್ದು ತಿಂಗ್ಳಾಯ್ತು."

"ಶನಿವಾರ ಕಳೀಲಿ ಕಣೇ."

ಅವನಿಗೆ ದುಡಿಮೆಯ ಚಿಂತೆಗಿಂತ ಬೇರೊಂದು ಸಂಕಟ ಕೊರೆಯುತ್ತಿತ್ತು. ಊರಲ್ಲಿ ಯಾರೇ ತೀರಿಕೊಳ್ಳಲಿ, ಸುದ್ದಿ ಕಿವಿಗೆ ಬಿದ್ದ ಕೂಡಲೇ ಅವನು ಕೇಬಲ್ ಬಂದ್ ಮಾಡುತ್ತಿದ್ದ. ಮಣ್ಣಾಗುವ ತನಕ ಯಾವ ಮನೆಯಲ್ಲೂ ಟಿವಿ ಇಲ್ಲ. ಯಾರೂ ಹೇಳಿಕೊಟ್ಟಿದ್ದಲ್ಲ. ಜಾತಿ ನೋಡಿದವನಲ್ಲ, ಕ್ರಿಕೆಟ್ ಫೈನಲ್ಲನ್ನೂ ನೋಡಿದವನಲ್ಲ. ಟಿವಿ ಹೋಯಿತೆಂದರೆ ಜನ ಮೊದಲು ಬೀದಿಗೆ ಬಂದು, "ಯಾರು?" ಅಂತ ಕೇಳುವಷ್ಟು ಅದು ಊರಿಗೆ ರೂಢಿಯಾಗಿತ್ತು. ಆದರೆ ಎರಡು ತಿಂಗಳ ಹಿಂದೆ ದುರ್ಗಯ್ಯ ಸತ್ತ. ಕಾಯಿ ಕೀಳುವ ದುರ್ಗಯ್ಯ, ಮೊಟ್ಟಮೊದಲ ತಂತಿಯನ್ನು ಮರ ಹತ್ತಿ ಕಟ್ಟಿಕೊಟ್ಟವನು. ಮೂರ್ತಿ ಬಂದ್ ಮಾಡಿದ. ಹೆಣ ಊರಬೀದಿಗೆ ಬಂದಾಗ ಎರಡೂ ಕಡೆಯ ಮನೆಗಳಿಂದ ಹಾಡು, ಹೊಡೆದಾಟ, ಹೋ ಅಂತ ನಗು. ಹೆಗಲು ಕೊಟ್ಟಿದ್ದ ಮೂರ್ತಿಗೆ ತಾನೇ ನಕ್ಕಷ್ಟು ನಾಚಿಕೆಯಾಯಿತು.

ಶನಿವಾರ ನಾಲ್ಕು ಗಂಟೆಗೆ ಅರುಣ್ ಕುಮಾರ್ ಬಂದೇ ಬಂದ. ಜಗಲಿ ಮೇಲೆ ಕಾಗದ ಹರಡಿದ. ಮೂರ್ತಿ ಕೊನೆಯ ಸಲ ಮೊಬೈಲ್ ನೋಡಿದ. ಒಂಬತ್ತು ಮನೆ, ಎರಡೂವರೆ ದಿನ, ಒಂದು ಕರೆ ಇಲ್ಲ. ಸಿಟ್ಟು ಬಂತು, ಆಮೇಲೆ ಅಳು ಬಂದಂತಾಯಿತು.

"ಎಲ್ಲಪ್ಪ ಸೈನ್ ಹಾಕ್ಬೇಕು?" ಅಂತ ಪೆನ್ನು ಇಸಿದುಕೊಂಡ.

ಅಷ್ಟರಲ್ಲಿ ಬೀದಿ ತಿರುವಿನಲ್ಲಿ ರಂಗಕ್ಕ ಕಂಡಳು. ಕೆರೆಯಾಚೆಯ ಕಟ್ಟಕಡೆಯ ತೋಟದ ಮುದುಕಿ. ತಲೆ ಮೇಲೆ ಬಟ್ಟೆ ಮುಚ್ಚಿದ ಕುಕ್ಕೆ. ಜಗಲಿ ಹತ್ತಿದವಳೇ ಕುಕ್ಕೆ ಇಳಿಸಿ, ಬಾಗಿಲಲ್ಲಿದ್ದ ವಿಮಲಮ್ಮನ ಎರಡೂ ಕೈ ಹಿಡಿದು ಅತ್ತಳು.

"ಸಮಾಧಾನ ಮಾಡ್ಕಳವ್ವ. ಮುದಿಜೀವ, ನರಳ್ತಿತ್ತು. ಹುಳಿಯಾರಿಂದ ಯಾವಾಗ ಬಂದ್ರಿ?"

"ಏನಾಯ್ತಕ್ಕ?" ವಿಮಲಮ್ಮ ಬೆಚ್ಚಿದಳು. "ಬೆಳಿಗ್ಗೆ ತಾನೆ ಅಪ್ಪನತ್ರ ಮಾತಾಡಿದ್ನಲ್ಲ!"

ರಂಗಕ್ಕ ಕಣ್ಣೊರೆಸಿಕೊಳ್ಳುವುದನ್ನು ಅರ್ಧಕ್ಕೇ ನಿಲ್ಲಿಸಿದಳು. "ಹಂಗಾರೆ ಟಿವಿ ಯಾಕವ್ವ ಬಂದಾಗೈತೆ? ಒಂದಿನ ಆಗಿದ್ರೆ ಊರಲ್ಲಿ ಯಾರೋ ಹೋದ್ರು ಅಂದ್ಕಬೋದು. ಎಲ್ಡು ದಿನ ದಾಟ್ತು. ನಿಮ್ಮಪ್ಪನೇ ಹೋಗವ್ರೆ, ಅದ್ಕೇ ನೀವೆಲ್ಲ ಹುಳಿಯಾರ್ನಾಗೆ ಇದ್ದೀರಿ ಅಂತ ತೋಟದೋರೆಲ್ಲ ಮಾತಾಡ್ಕಂಡ್ವಿ. ಇವತ್ತಾದ್ರೂ ಬಂದಿರ್ತೀರಿ ಅಂತ ನಾನು ಬಂದೆ."

ಮೂರ್ತಿ ಪೆನ್ನು ಹಿಡಿದುಕೊಂಡೇ ಎದ್ದ. "ಒಂದು ಫೋನ್ ಮಾಡ್ಬೋದಿತ್ತಲ್ಲಕ್ಕ?"

"ಥೂ ನಿನ್ನ! ಸಾವಿನ ಮನೇಗೆ ಫೋನ್ ಮಾಡಿ ಟಿವಿ ಬರ್ತಿಲ್ಲ ಅನ್ನಕ್ಕಾಯ್ತದೇನ್ಲಾ? ನಮ್ಗೇನು ಅಷ್ಟೂ ತಿಳಿಯಾಕಿಲ್ವಾ?"

ಅವನು ಕುಕ್ಕೆಯ ಬಟ್ಟೆ ಸರಿಸಿದ. ನಾಲ್ಕು ಮುದ್ದೆ, ಹುರುಳಿ ಸಾರು. ಸಾರಿಗೆ ಒಗ್ಗರಣೆ ಇರಲಿಲ್ಲ. ಸಾವಾಗಿ ಒಲೆ ಹಚ್ಚದ ಮನೆಗೆ ಕೊಂಡೊಯ್ಯುವ ಊಟ. ಇಷ್ಟು ಹೊತ್ತು ಮೌನವನ್ನು ಎಣಿಸಿ ಎಣಿಸಿ ಆ ಒಂಬತ್ತು ಮನೆಗಳನ್ನು ಶಪಿಸಿದ್ದನಲ್ಲ, ಆ ಮೌನ ತನಗಾಗಿ ಕಾಪಾಡಿಕೊಂಡು ಬಂದದ್ದು ಅಂತ ಈಗ ಹೊಳೆದು, ಏಜೆಂಟನ ಮುಂದೆಯೇ ಕಣ್ಣು ತುಂಬಿಕೊಂಡಿತು. ಪೆನ್ನನ್ನು ಕಾಗದದ ಮೇಲಿಟ್ಟು ಏಣಿ ಎತ್ತಿಕೊಂಡ.

"ಸಾರ್, ಸೈನು..." ಅಂತ ಅರುಣ್ ಕುಮಾರ್ ಏರಿ ಕೆಳಗಿನ ತೋಟದವರೆಗೂ ಹಿಂದೆಯೇ ಬಂದ.

ಮೂರ್ತಿ ಮರ ಹತ್ತಿ ತಂತಿಯ ಎರಡೂ ತುದಿ ಹೆರೆದು ಜೋಡಿಸಿದ. ಇನ್ನೂ ಟೇಪು ಸುತ್ತುತ್ತಿದ್ದ. ಫೋನು ಬಡಿದುಕೊಂಡಿತು. ಕೆರೆಯಾಚೆಯ ಮೂಡಲಗಿರಿಯಪ್ಪ. ಒಂದೂ ದಿನ ಮೆಲ್ಲಗೆ ಮಾತಾಡಿದವನಲ್ಲ, ಈಗ ದನಿ ತಗ್ಗಿಸಿದ್ದ.

"ಮೂರ್ತಿ, ಟಿವಿ ಬಂತು ಕಣಪ್ಪ. ಮಣ್ಣಾಯ್ತಾ?"

ಮೂರ್ತಿ ಕೆಳಗೆ ಕಾಗದ ಹಿಡಿದು ನಿಂತವನನ್ನು ನೋಡಿದ.

"ಯಾರೂ ಸತ್ತಿಲ್ಲ ಕಣಣ್ಣ. ಗರಿ ಬಿದ್ದು ತಂತಿ ಹೋಗಿತ್ತು. ಜೋಡಿಸ್ದೆ."

ಆಚೆ ಕಡೆ ತಗ್ಗಿದ್ದ ದನಿ ಒಮ್ಮೆಲೇ ಏರಿತು.

"ಥೂ ನಿನ್ ಮನೆ ಹಾಳಾಗ! ಎಲ್ಡೂವರೆ ದಿನ ಬೇಕೇನ್ಲಾ ಒಂದು ತಂತಿ ಜೋಡ್ಸಕ್ಕೆ? ಸುಮ್‌ಸುಮ್ನೆ ಕಣ್ಣೀರ್ ಹಾಕಿದ್ವಲ್ಲೋ! ಬಾ ಈ ಕಡೆ, ನಿನ್ ಕಾಲ್ ಮುರೀದೆ ಬಿಟ್ರೆ..."

ಮೂರ್ತಿ ಒಂದು ಕೈಯಲ್ಲಿ ಮರ ತಬ್ಬಿ, ಇನ್ನೊಂದರಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡು, ಆ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡ.