ಚೀಟಿಯ ಇನ್ನರ್ಧ

ಗುರುವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ತೆರಿಗೆ ಇಲಾಖೆಯ ಹೆಸರಿನಲ್ಲಿ ಒಂದು ಇಮೇಲ್ ಬಂತು. ಜಿಪ್ಪಕ್ಕ ಆಗ ದೊಡ್ಡದೊಂದು ಸೂಟ್‌ಕೇಸಿನ ಅಂಚು ಬಿಚ್ಚಿ, ಹಲ್ಲುದುರಿದ ಹಳೆಯ ಜಿಪ್ ಕಿತ್ತು ತೆಗೆಯುತ್ತಿದ್ದಳು. ಬಲಗೈಯ ಬ್ಲೇಡು ಕೆಳಗಿಡದೆ, ಎಡಗೈ ಹೆಬ್ಬೆರಳಿನಲ್ಲೇ ಫೋನು ತೆರೆದು ಓದಿದಳು.

"ನೀವು ಘೋಷಿಸದ ಹೆಚ್ಚುವರಿ ಆದಾಯವಿರುವುದು ಕಂಡುಬಂದಿದೆ. ಇಂದು ಸಂಜೆ ಐದರೊಳಗೆ ಕೆಳಗಿನ ಲಿಂಕ್‌ನಲ್ಲಿ ವಿವರ ತುಂಬಿ ದಂಡ ಪಾವತಿಸದಿದ್ದರೆ ನಿಮ್ಮ ಬ್ಯಾಂಕ್ ಖಾತೆಯನ್ನು ಸ್ಥಗಿತಗೊಳಿಸಲಾಗುವುದು." ಮೇಲೆ ಲಾಂಛನ, ಕೆಳಗೆ ಸಹಿ, ಸಹಿಯ ಪಕ್ಕ ಒಂದು ಫೋನ್ ನಂಬರು.

ಬ್ಲೇಡು ಜಾರಿ ಒಳಗಿನ ಅಸ್ತರಿಗೆ ಎರಡು ಬೆರಳುದ್ದ ಗಾಯವಾಯಿತು. ಈ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಬ್ಯಾಗು ರಿಪೇರಿ ಮಾಡುತ್ತಿದ್ದ ಅವಳ ಕೈ ಹೀಗೆ ತಪ್ಪಿದ್ದು ಕಡಿಮೆ. ಗಿರಾಕಿಗಳಿಗೆಲ್ಲ ಅವಳು ಜಿಪ್ಪಕ್ಕ. ನಿಜವಾದ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿತ್ತು.

ಘೋಷಿಸದ ಆದಾಯ. ಅದು ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಾಲ್ಕು ತಿಂಗಳಿಂದ ಭಾನುವಾರಗಳಲ್ಲಿ ಮನೆಯಲ್ಲೇ ಕೂತು ಅಕ್ಕಪಕ್ಕದವರ ಬ್ಯಾಗುಗಳಿಗೆ ಜಿಪ್ ಹಾಕಿಕೊಟ್ಟಿದ್ದಳು. ಒಟ್ಟು ಹನ್ನೊಂದು ಬ್ಯಾಗು. ಮೊನ್ನೆ ಸೋಮವಾರ ಊಟದ ಬಿಡುವಿನಲ್ಲಿ ತೆರಿಗೆ ಕಚೇರಿಗೆ ತಾನೇ ನಡೆದುಹೋಗಿ, ಮನೆಯಲ್ಲಿ ಇಂಥ ಕೆಲಸ ಶುರುಮಾಡಿದರೆ ಏನೇನು ಮಾಡಬೇಕು ಎಂದು ಕೇಳಿದ್ದಳು. ಕೌಂಟರಿನ ಗುಮಾಸ್ತೆ ಪ್ರಶ್ನೆಯನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು, ಒಂದು ನಂಬರಿನ ಚೀಟಿ ಹರಿದುಕೊಟ್ಟು, "ಉತ್ತರ ಅಂಚೆಯಲ್ಲಿ ಬರುತ್ತೆ" ಎಂದಿದ್ದಳು. ಮೂರೇ ದಿನಕ್ಕೆ ಇದು ಬಂತು. ಕೇಳಲು ಹೋದದ್ದೇ ತಪ್ಪಾಯಿತು, ಮಲಗಿದ್ದ ನಾಯಿಯನ್ನು ತಾನೇ ತಟ್ಟಿ ಎಬ್ಬಿಸಿದೆ ಎಂದುಕೊಂಡಳು.

"ಏನಮ್ಮಾ, ಮುಖ ಹಾಗಾಯ್ತು?" ಗಲ್ಲಾದ ಹಿಂದಿನಿಂದ ಯಜಮಾನರು ಕೇಳಿದರು.

"ಏನಿಲ್ಲ, ಕೈ ಜಾರ್ತು."

"ಕೈ ಜಾರಲಿ, ಮಾತು ಜಾರಬಾರದು. ಇವತ್ತು ಅಂಗಡಿ ಮುಚ್ಚೋದ್ರೊಳಗೆ ಹೇಳಬೇಕು ನೀನು. ನಾಳೆ ಬೆಳಿಗ್ಗೆ ಗುಜರಿಯವನು ಬರ್ತಾನೆ."

ಮಾತು ಯಂತ್ರದ್ದು. ಯಜಮಾನರ ಮಂಡಿ ಸವೆದಿತ್ತು, ತಿಂಗಳ ಕೊನೆಗೆ ಅಂಗಡಿ ಮುಚ್ಚುವುದು ಖಚಿತವಾಗಿತ್ತು. ದಪ್ಪ ಚರ್ಮ, ಕ್ಯಾನ್ವಾಸು ಯಾವುದಕ್ಕೂ ಜಗ್ಗದ ಆ ಹೊಲಿಗೆ ಯಂತ್ರವನ್ನು ಅರ್ಧ ಬೆಲೆಗೆ ನೀನೇ ತಗೋ ಎಂದಿದ್ದರು. ಬೇಡವಾದರೆ ಊರಾಚೆಯ ಸೂಟ್‌ಕೇಸ್ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಸಂಬಳದ ಕೆಲಸ ಕಾದಿತ್ತು. ಯಂತ್ರಕ್ಕಾಗುವಷ್ಟು ಹಣ ಗಂಡಹೆಂಡಿರ ಜಂಟಿ ಖಾತೆಯಲ್ಲಿತ್ತು. ಅದಕ್ಕಿಂತ ಹೆಚ್ಚಿಗೆ ಇರಲಿಲ್ಲ. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಗಂಡನಿಗೆ ಎರಡು ವಾರದಿಂದ ಈ ವಿಷಯ ಹೇಳಿದಾಗಲೆಲ್ಲ ಅವನು "ನೋಡೋಣ" ಎಂದಿದ್ದ. ಅವನ ಬಾಯಲ್ಲಿ "ನೋಡೋಣ" ಎಂದರೆ ಬೇಡ ಎಂದೇ ಅವಳು ಅರ್ಥ ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ಬೆನ್ನುಚೀಲ ಕೇಳಿದ. ಚೀಟಿ ಮನೆಯಲ್ಲಿ ಮರೆತಿದ್ದ.

"ಚೀಟಿ ಇಲ್ಲದೆ ನಮ್ಮಪ್ಪ ಬಂದ್ರೂ ಕೊಡಲ್ಲ," ಎಂದರು ಯಜಮಾನರು.

"ನಿಮ್ಮಪ್ಪ ಇದ್ದಾರಾ ಇನ್ನೂ?"

"ಇಲ್ಲ. ಅದಕ್ಕೇ ಧೈರ್ಯವಾಗಿ ಹೇಳ್ತಿದ್ದೀನಿ. ಹೋಗಿ ತಗೊಂಡು ಬನ್ನಿ."

ಅಂಗಡಿಯ ಕಟ್ಟಳೆ ಅದು. ಬ್ಯಾಗು ಬಂದೊಡನೆ ನಂಬರು ಬರೆದ ಚೀಟಿಯನ್ನು ನಡುವೆ ಹರಿದು, ಅರ್ಧ ಬ್ಯಾಗಿಗೆ ಕಟ್ಟುವುದು, ಅರ್ಧ ಗಿರಾಕಿಗೆ ಕೊಡುವುದು. ಹರಿದ ಅಂಚು ಎರಡೂ ಕೂಡಿದರೆ ಮಾತ್ರ ಬ್ಯಾಗು ಕೈದಾಟುತ್ತಿತ್ತು. ಇಷ್ಟು ವರ್ಷದಲ್ಲಿ ಜಿಪ್ಪಕ್ಕ ಅದನ್ನು ಮೀರಿದ್ದು ಒಂದೇ ಸಲ. ಇಸ್ತ್ರಿ ಮುರಿಯದ ಅಂಗಿಯ ಒಬ್ಬ ಮನುಷ್ಯ ಅವಸರದಲ್ಲಿ ಬಂದು, ಕಪ್ಪು ಬ್ಯಾಗು, ಜಿಪ್ ಕೆಟ್ಟಿತ್ತು, ಎಂದಿದ್ದ. "ಎರಡು ಜೇಬಿನ ಆಫೀಸ್ ಬ್ಯಾಗಾ?" ಎಂದು ಅವಳೇ ಕೇಳಿದ್ದಳು. "ಹೌದು, ಅದೇ." "ಹಿಡಿ ಕಂದು ಬಣ್ಣದ್ದಾ?" "ಹೌದು, ಅದೇ." ಕೊಟ್ಟು ಕಳಿಸಿದಳು. ಸಂಜೆ ಚೀಟಿ ಹಿಡಿದು ಬ್ಯಾಗಿನ ಒಡತಿ ಬಂದಳು. ಅದಕ್ಕೆ ಜಿಪ್ಪಕ್ಕ ಎರಡು ತಿಂಗಳ ಸಂಬಳ ದಂಡ ತೆತ್ತಿದ್ದಳು.

ಹನ್ನೊಂದಾಯಿತು. ಲಿಂಕ್ ಒತ್ತಲು ಭಯ, ಒತ್ತದಿರಲೂ ಭಯ. ಕೊನೆಗೆ ನೀರು ಕುಡಿದು ಬರುತ್ತೇನೆಂದು ಹೇಳಿ ಅಂಗಡಿಯ ಹಿಂದಿನ ಓಣಿಗೆ ಹೋಗಿ ಮೇಲ್‌ನಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಮೊದಲ ರಿಂಗಿಗೇ ಎತ್ತಿದರು.

"ತೆರಿಗೆ ಇಲಾಖೆ, ದಂಡ ವಿಭಾಗ. ಹೇಳಿ." ಗಂಡಸಿನ ಗಟ್ಟಿ ದನಿ.

"ಸಾರ್, ನನಗೊಂದು ಮೇಲ್ ಬಂದಿದೆ. ನನ್ನಿಂದ ಗೊತ್ತಿಲ್ಲದೆ ತಪ್ಪಾಗಿದೆ."

"ಗೊತ್ತಿಲ್ಲದೆ ಅಂದ್ರೆ ಕಾನೂನು ಕೇಳುತ್ತೇನಮ್ಮ? ಎಷ್ಟು ದಿನದಿಂದ ನಡೀತಿದೆ?"

"ನಾಲ್ಕು ತಿಂಗಳು ಸಾರ್. ಭಾನುವಾರ ಮಾತ್ರ."

"ಏನು ವ್ಯವಹಾರ?"

"ಬ್ಯಾಗ್ ರಿಪೇರಿ. ಮನೆಯಲ್ಲೇ."

"ಹೌದು, ಅದೇ. ಬ್ಯಾಗ್ ರಿಪೇರಿ, ನಾಲ್ಕು ತಿಂಗಳು. ಎಲ್ಲಾ ನಮ್ಮ ಮುಂದೆ ಇದೆ."

ಅವಳು ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ಹೌದು, ಅದೇ. ಈ ಎರಡು ಮಾತಿಗೆ ಅವಳು ಒಮ್ಮೆ ಎರಡು ತಿಂಗಳ ಸಂಬಳ ಕೊಟ್ಟಿದ್ದಳು. ಕುಪ್ಪಸದೊಳಗಿನ ಪುಟ್ಟ ಪರ್ಸಿನಿಂದ ಸೋಮವಾರದ ಚೀಟಿ ತೆಗೆದಳು.

"ಸಾರ್, ಸೋಮವಾರ ನಿಮ್ಮ ಕಚೇರಿಯಲ್ಲಿ ನನಗೊಂದು ಚೀಟಿ ಕೊಟ್ಟಿದ್ದಾರೆ. ಅದರ ನಂಬರು ಹೇಳ್ತೀರಾ?"

"ನೀವು ಹೇಳಿ, ನಾನು ನೋಡ್ತೀನಿ."

"ಇಲ್ಲ ಸಾರ್. ನೀವೇ ಹೇಳಿ. ನಾನು ನೋಡ್ತೀನಿ."

ಆ ಕಡೆಯ ದನಿ ಏರಿತು. "ಸರ್ಕಾರಿ ಅಧಿಕಾರಿಯ ಹತ್ತಿರ ತಲೆಹರಟೆ ಮಾಡ್ತೀಯಾ? ಐದು ಗಂಟೆಗೆ ಪೊಲೀಸರು ಬಂದಾಗ ಗೊತ್ತಾಗುತ್ತೆ ನಂಬರು!"

ಅವಳು ಫೋನು ಇಟ್ಟಳು. ಮೇಲ್ ಅನ್ನು ಇನ್ನೊಮ್ಮೆ ಓದಿದಳು. ಅವಳ ಹೆಸರಿರಲಿಲ್ಲ, ಬ್ಯಾಗೂ ಇರಲಿಲ್ಲ, ಭಾನುವಾರವೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೋ ಬೀದಿಯಲ್ಲಿ ಕೂಗಿದ್ದಕ್ಕೆ ಇವಳು ಹೆಗಲು ಮುಟ್ಟಿ ನೋಡಿಕೊಂಡಿದ್ದಳು.

ಉಸಿರು ಹಗುರಾಗುವ ಮೊದಲೇ ಇನ್ನೊಂದು ನೆನಪಾಯಿತು. ಆ ಇಮೇಲ್ ವಿಳಾಸ ಅವಳೊಬ್ಬಳದಲ್ಲ. ಗ್ಯಾಸಿನ ಸಂಪರ್ಕಕ್ಕೆಂದು ವರ್ಷಗಳ ಹಿಂದೆ ಮಾಡಿಸಿದ್ದು. ಗಂಡನ ಫೋನಿನಲ್ಲೂ ಅದೇ ಇತ್ತು. ಕರೆಂಟ್ ಬಿಲ್ಲು ಬಂದ ದಿನವೇ ಕಟ್ಟಿ ಬರುವ ಮನುಷ್ಯ ಅವನು. ಸರ್ಕಾರದ ಕಾಗದ ಮನೆಯಲ್ಲಿ ಒಂದು ರಾತ್ರಿ ಉಳಿದರೂ ನಿದ್ದೆ ಬಾರದವನು. ಬ್ಯಾಂಕ್ ಕಾರ್ಡು ಅವನ ಜೇಬಿನಲ್ಲೇ ಇರುತ್ತಿತ್ತು.

ಫೋನು ಮಾಡಿದಳು. ಸಂಪರ್ಕಕ್ಕೆ ಸಿಗುತ್ತಿಲ್ಲ. ಮತ್ತೆ ಮಾಡಿದಳು. ಆರು ಸಲವೂ ಅದೇ ಹೆಣ್ಣು ದನಿ, ಅದೇ ಮಾತು.

"ಯಜಮಾನ್ರೇ, ಒಂದು ಗಂಟೆ ಹೊರಗೆ ಹೋಗಿ ಬರ್ತೀನಿ."

"ಯಂತ್ರ?"

"ಬಂದು ಹೇಳ್ತೀನಿ."

ಗಂಡ ಇವತ್ತು ಯಾವ ಕಟ್ಟಡದಲ್ಲಿರುತ್ತಾನೆಂದು ಬೆಳಿಗ್ಗೆ ಊಟದ ಡಬ್ಬಿ ಕಟ್ಟುವಾಗ ಕೇಳಿದ್ದು ಒಳ್ಳೆಯದಾಯಿತು. ಬಸ್ಸು ಪ್ರತಿ ಸಿಗ್ನಲಿನಲ್ಲೂ ನಿಂತಿತು. ಅವಳು ಬಾಗಿಲ ಬಳಿಯೇ ನಿಂತು, ಖಾತೆಯಲ್ಲಿದ್ದ ಹಣ ಈಗ ಇದೆಯೋ, ಈಗ ಹೋಯಿತೋ ಎಂದು ನಿಲ್ದಾಣ ನಿಲ್ದಾಣಕ್ಕೂ ಯೋಚಿಸಿದಳು. ಹೋದರೆ ಯಂತ್ರವೂ ಇಲ್ಲ. ಇನ್ನೂ ಇಪ್ಪತ್ತು ವರ್ಷ ಇನ್ನೊಬ್ಬರ ಮೇಜಿನಲ್ಲಿ, ಇನ್ನೊಬ್ಬರ ದೀಪದಡಿ.

ಎಂಟು ಮಹಡಿಯ ಕಟ್ಟಡ. ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲು ಬಾಯಿ ತೆರೆದು ನಿಂತಿತ್ತು. ಎದುರಿಗೆ "ದುರಸ್ತಿ ನಡೆಯುತ್ತಿದೆ" ಎಂಬ ಹಲಗೆ. ಕೆಳಗಿನ ಗುಂಡಿಯ ಕತ್ತಲಲ್ಲಿ ಟಾರ್ಚಿನ ಬೆಳಕು ಅಲ್ಲಾಡುತ್ತಿತ್ತು. ಫೋನು ಸಿಗದಿದ್ದದ್ದು ಇದಕ್ಕೇ ಎಂದುಕೊಂಡು ಅವಳು ಮಂಡಿಯೂರಿ ಬಗ್ಗಿದಳು.

"ರೀ!"

"ಯಾರು? ನೀನಾ? ಇರು, ಬಂದೆ."

"ಬರಬೇಡಿ! ಅಲ್ಲೇ ಇರಿ, ಮೇಲೆ ಬರಬೇಡಿ!"

ಟಾರ್ಚು ಸರ್ರನೆ ಮೇಲಕ್ಕೆ ತಿರುಗಿತು. "ಯಾಕೆ? ಲಿಫ್ಟ್ ಏನಾದ್ರೂ ಕೆಳಗೆ ಬರ್ತಾ ಇದೆಯಾ?"

"ಲಿಫ್ಟಲ್ಲ ಮಾರಾಯ್ರೇ! ಬೆಳಿಗ್ಗೆ ಬಂದ ಮೇಲ್ ನೋಡಿದ್ರಾ?"

ಟಾರ್ಚು ಮತ್ತೆ ಕೆಳಕ್ಕೆ ತಿರುಗಿತು. "ನೋಡಿದೆ."

"ಏನಾದ್ರೂ ತುಂಬಿದ್ರಾ?"

"ಎಲ್ಲಾ ತುಂಬಿದೆ. ಕಾರ್ಡಿನ ನಂಬರು, ಹಿಂದಿನ ಮೂರಂಕಿ. ಒಟಿಪಿ ಬರೋದೊಂದೇ ಬಾಕಿ. ಅಷ್ಟರಲ್ಲಿ ಇಂಜಿನಿಯರ್ ಕೂಗಿ ಕೆಳಗಿಳಿಸಿದ. ಇಲ್ಲಿ ಸಿಗ್ನಲ್ ಸತ್ತುಹೋಗಿದೆ."

ಜಿಪ್ಪಕ್ಕ ಗೋಡೆಗೆ ಆತುಕೊಂಡು ಕೂತಳು. "ಅದು ಕಳ್ಳರದ್ದು. ನಾನು ಮಾತಾಡಿ ನೋಡಿದೆ. ಫೋನು ಮುಟ್ಟದೆ ಮೇಲೆ ಬನ್ನಿ."

ಗ್ರೀಸು ಮೆತ್ತಿದ ಕೈಗಳನ್ನು ಎತ್ತಿಹಿಡಿದುಕೊಂಡೇ ಅವನು ಏಣಿ ಹತ್ತಿ ಬಂದ. ನೆಲಕ್ಕೆ ಕಾಲಿಟ್ಟದ್ದೇ ತಡ, ಅಂಗಿಯ ಜೇಬಿನೊಳಗೆ ಫೋನು ಮೂರು ಸಲ ಕೂಗಿತು. ಅವಳೇ ತೆಗೆದು ನೋಡಿದಳು. ಮೂರು ಒಟಿಪಿ, ಒಂದರ ಹಿಂದೊಂದು. ನೋಡುತ್ತಿರುವಾಗಲೇ ಕರೆಯೂ ಬಂತು. ಓಣಿಯಲ್ಲಿ ಅವಳು ಮಾತಾಡಿದ ಅದೇ ನಂಬರು. ರಿಂಗಾಗಿ ನಿಲ್ಲುವವರೆಗೆ ಇಬ್ಬರೂ ಹಾವು ನೋಡುವಂತೆ ಅದನ್ನು ನೋಡುತ್ತ ನಿಂತರು. ಆಮೇಲೆ ಅವಳು ಕಾರ್ಡಿನ ಹಿಂಬದಿ ಅಚ್ಚಾಗಿದ್ದ ಬ್ಯಾಂಕಿನ ನಂಬರನ್ನು ಒಂದೊಂದೇ ಅಂಕಿ ಓದಿ ತನ್ನ ಫೋನಿನಿಂದ ಕರೆಮಾಡಿ, ಕಾರ್ಡು ನಿಲ್ಲಿಸಲು ಹೇಳಿದಳು. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಕಾರ್ಡು ನಿಂತಿತು. ಖಾತೆಯಿಂದ ಏನೂ ಹೋಗಿರಲಿಲ್ಲ.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದಳು.

ಅವನು ಹಳೆಯ ಬಟ್ಟೆಯಲ್ಲಿ ಬೆರಳೊಂದೊಂದನ್ನೇ ಒರೆಸಿಕೊಳ್ಳುತ್ತಿದ್ದ. "ಕೇಳಿದ್ರೆ ನೀನು ಹೆದರಿಕೊಂಡು ಯಂತ್ರವೇ ಬೇಡ ಅಂದುಬಿಡ್ತಿದ್ದೆ. ಎಷ್ಟೋ ಅಷ್ಟು ದಂಡ ಕಟ್ಟಿಬಿಟ್ಟರೆ ನಿನಗೆ ಗೊತ್ತೇ ಆಗಲ್ಲ ಅಂದುಕೊಂಡೆ."

"ಯಂತ್ರ ಬೇಡ ಅಂತ ನೀವಲ್ವಾ ಅಂದಿದ್ದು?"

"ನಾನೆಲ್ಲಿ ಅಂದೆ? ನೋಡೋಣ ಅಂದೆ. ನೋಡಿದೀನಿ ಕೂಡ. ಕಿಟಕಿ ಪಕ್ಕದ ಗೋಡೆ ಅಳೆದಿಟ್ಟಿದೀನಿ, ಸರಿಯಾಗಿ ಕೂರುತ್ತೆ."

ಅವಳು ಅವನ ಕೈಯಿಂದ ಬಟ್ಟೆ ತೆಗೆದುಕೊಂಡು, ಅವನ ಕಿವಿಯ ಹತ್ತಿರ ಉಳಿದಿದ್ದ ಗ್ರೀಸು ಒರೆಸಿದಳು. ಅದು ಹೋಗುವ ಬದಲು ಕೆನ್ನೆಗೂ ಹರಡಿತು.

ಬಸ್ಸಿಳಿದು, ಅಂಗಡಿ ಸೇರುವ ಮೊದಲು ತೆರಿಗೆ ಕಚೇರಿಗೆ ಹೋದಳು. ಸೋಮವಾರದ ಗುಮಾಸ್ತೆಯೇ ಕೌಂಟರಿನಲ್ಲಿದ್ದಳು. ಮೇಲ್ ಓದಿ, ದೂರಿನ ಅರ್ಜಿಯೊಂದನ್ನು ಮುಂದೆ ತಳ್ಳಿ, ರಿಜಿಸ್ಟರು ತಿರುವಿದಳು.

"ನಿಮ್ಮ ನಂಬರಿಗೆ ಇನ್ನೂ ಉತ್ತರ ಹೋಗಿಲ್ಲ ಕಣಮ್ಮಾ. ನಮ್ಮ ಉತ್ತರ ಮೂರೇ ದಿನಕ್ಕೆ ಬಂತು ಅಂದ್ರೆ ಅದು ನಮ್ಮದಲ್ಲ ಅಂತಲೇ ತಿಳ್ಕೊಳ್ಳಿ."

"ಹನ್ನೊಂದು ಬ್ಯಾಗು ಮಾಡಿದೀನಿ ಮೇಡಂ. ಕೇಳದೇನೇ."

"ಹನ್ನೊಂದು ಬ್ಯಾಗಿಗೆಲ್ಲ ನಾವು ಬೆನ್ನು ಹತ್ತಿದ್ರೆ ನಾನು ಮನೆ ಸೇರೋದು ಯಾವಾಗ?" ಗುಮಾಸ್ತೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಪೆನ್ನಿನಿಂದ ಅರ್ಜಿ ತಟ್ಟಿದಳು. "ಶುರು ಮಾಡೋದಾದ್ರೆ ಮಾತ್ರ ಮೊದಲ ದಿನದಿಂದ ಬರೆದಿಡಿ."

ಅಂಗಡಿ ಮುಚ್ಚಲು ಇನ್ನೂ ಹೊತ್ತಿತ್ತು. ಜಿಪ್ಪಕ್ಕ ಸೂಟ್‌ಕೇಸಿನ ಹರಿದ ಅಸ್ತರಿಗೆ ಒಳಗಿನಿಂದ ತೇಪೆ ಹಾಕಿ, ಹೊಸ ಜಿಪ್ ಕೂರಿಸಿ, ಎರಡು ಸಲ ಎಳೆದು ನೋಡಿದಳು. ಯಜಮಾನರು ಷಟರಿನ ಕೊಕ್ಕೆಗೆ ಕೈಹಾಕಿದಾಗ, "ಗುಜರಿಯವನಿಗೆ ಬರಬೇಡ ಅಂತ ಹೇಳಿಬಿಡಿ" ಎಂದಳು.

ಭಾನುವಾರ ಯಂತ್ರ ಬಂತು. ಗಂಡ ಗೋಡೆಯನ್ನು ಅಳೆದಿದ್ದ, ಬಾಗಿಲನ್ನು ಅಳೆದಿರಲಿಲ್ಲ. ಕಬ್ಬಿಣದ ಮೇಜು ಬಾಗಿಲಿಗಿಂತ ಒಂದು ಬೆರಳು ಅಗಲವಿತ್ತು. ಅವನು ಬೈದುಕೊಳ್ಳುತ್ತ ತಿರುಪು ಬಿಚ್ಚಿ ಕದವನ್ನೇ ಕಳಚಿ ಗೋಡೆಗೆ ಒರಗಿಸಿದ.

ಮಂಗಳವಾರ ಸಂಜೆ ಕದ ಇನ್ನೂ ಅಲ್ಲೇ ಒರಗಿತ್ತು. ಮೂರನೇ ಮಹಡಿಯ ಮನೆಯಾಕೆ ತೆರೆದ ಬಾಗಿಲಿನಿಂದ ನೇರ ಒಳಗೆ ಬಂದು, ತನ್ನ ಬ್ಯಾಗಿಗೆ ಕೈಚಾಚಿದಳು.

"ಚೀಟಿ ಅಕ್ಕಾ?" ಎಂದಳು ಜಿಪ್ಪಕ್ಕ, ಯಂತ್ರದಿಂದ ಕಣ್ಣೆತ್ತದೆ.

"ಅಯ್ಯೋ, ಹನ್ನೆರಡು ವರ್ಷದಿಂದ ನಿನ್ನ ತಲೆ ಮೇಲೇ ಓಡಾಡ್ತಿದೀನಿ. ನನ್ನ ಹತ್ತಿರ ಎಂಥ ಚೀಟಿ?"

"ಗೊತ್ತು ಅಕ್ಕಾ. ಇನ್ನರ್ಧ ತನ್ನಿ."

ಆಕೆ ಅವಳನ್ನೊಮ್ಮೆ, ಬ್ಯಾಗಿಗೆ ಕಟ್ಟಿದ್ದ ಹರಿದ ಚೀಟಿಯನ್ನೊಮ್ಮೆ ನೋಡಿದಳು. ಆಮೇಲೆ ಗೊಣಗುತ್ತ, ಚೀಟಿ ತರಲು ಮೆಟ್ಟಿಲು ಹತ್ತಿದಳು.