ನೊಣ ತಿನ್ನುವ ಗಿಡಕ್ಕೆ ಹೇನು

ಒಂದೇ ಮನೆಯಲ್ಲಿ ಹುಳ ಕೊಲ್ಲುವ ತಮ್ಮ, ಹುಳ ಕರೆಯುವ ಅಕ್ಕ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ತಮ್ಮನೋ ಊರವರ ಮನೆ, ಅಂಗಡಿ, ಗೋದಾಮುಗಳಿಗೆ ಹೋಗಿ ಜಿರಳೆ, ಗೆದ್ದಲು, ತಿಗಣೆಗಳಿಗೆ ಔಷಧಿ ಹೊಡೆಯುವವನು. ಬೀದಿಯವರು ಅವನಿಗೆ ಇಟ್ಟ ಹೆಸರು ಜಿರಳೆ ಸಾಹೇಬ. ಅಕ್ಕ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತು, ಬೊಚ್ಚುಬಾಯಿಯವರಿಗೆಲ್ಲ ನಗು ಜೋಡಿಸಿಕೊಟ್ಟವಳು. ಮಹಡಿಯ ಬಾಲ್ಕನಿಯಲ್ಲಿ ಅವಳ ಮೂವತ್ತೊಂದು ಕುಂಡಗಳಿದ್ದವು. ಮೂವತ್ತೊಂದರಲ್ಲೂ ಹುಳ ತಿನ್ನುವ ಗಿಡಗಳೇ.

ಬಾಯಿಯಂತೆ ತೆರೆದುಕೊಂಡು ನೊಣ ಕೂತೊಡನೆ ಪಟಕ್ಕನೆ ಮುಚ್ಚಿಕೊಳ್ಳುವವು ಹನ್ನೆರಡು. ಎಲೆಯ ತುಂಬ ಅಂಟುಹನಿ ಹೊತ್ತು ಬಿಸಿಲಲ್ಲಿ ಮಿನುಗುವವು ಒಂಬತ್ತು. ನೆಲದಿಂದ ಕೊಳವೆಯಂತೆ ನೆಟ್ಟಗೆ ಎದ್ದು ನಿಂತ ಹೂಜಿ ಗಿಡಗಳು ಎಂಟು. ಸೂರಿನಿಂದ ತೂಗುಬಿದ್ದು, ಎಲೆಯ ತುದಿಯಲ್ಲಿ ಮುಚ್ಚಳದ ಸಮೇತ ಹೂಜಿ ಬಿಡುವವು ಎರಡು. ಇವಕ್ಕೆ ನಲ್ಲಿಯ ನೀರು ಆಗದು, ಗೊಬ್ಬರ ಹಾಕಿದರೆ ಸತ್ತೇ ಹೋಗುತ್ತವೆ. ಮಳೆಯ ನೀರು ಬೇಕು, ಸಾರವಿಲ್ಲದ ಮಣ್ಣು ಬೇಕು, ಜೊತೆಗೆ ನಾಲ್ಕು ನೊಣ. ಅದಕ್ಕೇ ಅವಳು ಬಾಲ್ಕನಿಯ ಮೂಲೆಯಲ್ಲಿ ಒಂದು ಬಟ್ಟಲು ಬಾಳೆಹಣ್ಣಿನ ಸಿಪ್ಪೆ ಇಡುತ್ತಿದ್ದಳು.

"ಗಿರಾಕಿ ಬಂದಾಗ ನೊಣ ಹಾರಿದ್ರೆ ನನ್ನ ಮುಖ ಎಲ್ಲಿಡ್ಲಿ?" ಅನ್ನುತ್ತಿದ್ದ ತಮ್ಮ. ಅವನ ಆಫೀಸು ಇದ್ದದ್ದು ಅದೇ ಮನೆಯ ಮುಂದಿನ ಕೋಣೆಯಲ್ಲಿ.

"ಕತ್ತಿನ ಮೇಲೆ ಇಡು, ಎಲ್ಲರ ಹಾಗೆ," ಅನ್ನುತ್ತಿದ್ದಳು ಅಕ್ಕ.

ಬಾಯಿ ಜೋರು ಅಂದುಕೊಳ್ಳಬೇಡಿ. ಗಿಡಗಳ ವಿಷಯ ಬಿಟ್ಟರೆ ಅವಳು ಆ ಮನೆಯಲ್ಲಿ ಬಾಯಿ ತೆರೆದದ್ದೇ ಕಡಿಮೆ. ಹನ್ನೆರಡು ವರ್ಷದ ಹಿಂದೆ ಗಂಡನ ಮನೆಯನ್ನು ಬಿಟ್ಟು ಒಂದು ಸೂಟ್‌ಕೇಸ್ ಹಿಡಿದು ಬಂದಾಗ ಅವಳಿಗೆ ಹಿಂದಿನ ದೊಡ್ಡ ಕೋಣೆ ಸಿಕ್ಕಿತ್ತು. ಆಮೇಲೆ ತಮ್ಮನ ಮದುವೆಯಾಯಿತು, ಚಿಕ್ಕ ಕೋಣೆಗೆ ಹೋದಳು. ಆಮೇಲೆ ಔಷಧಿ ಡಬ್ಬಿಗಳಿಗೆ ಜಾಗ ಬೇಕಾಯಿತು, ಮಹಡಿಯ ಮೆಟ್ಟಿಲ ಪಕ್ಕದ ಗೂಡಿಗೆ ಹೋದಳು. ಪ್ರತಿ ಸಲವೂ ಅದೇ ಮಾತು: "ನಿಂಗೇನಕ್ಕ, ಒಂಟಿ ಜೀವ, ಎಲ್ಲಾದ್ರೂ ಹೊಂದ್ಕೋತೀಯ." ಹೊಂದಿಕೊಂಡಳು. ಹೊಂದಿಕೊಂಡು ಹೊಂದಿಕೊಂಡು ಕೊನೆಗೆ ಮುರುಕು ಕುರ್ಚಿಗಳು ತುಂಬಿದ್ದ ಬಾಲ್ಕನಿಯನ್ನು ತಾನೇ ಗುಡಿಸಿ, ಮೊದಲ ಕುಂಡ ಇಟ್ಟಳು. ಅಲ್ಲಿಂದ ಮಾತ್ರ ಯಾರು ಏನೆಂದರೂ ಏಳುವುದಿಲ್ಲ ಅಂತ ಅಂದೇ ನಿಶ್ಚಯಿಸಿದ್ದಳು.

ಗುರುವಾರ ಸಂಜೆ, ಬಾಯಿ ಮುಚ್ಚುವ ಗಿಡವೊಂದರ ಚಿಗುರು ಸೊಟ್ಟಗೆ ಬಂದದ್ದು ಕಂಡಿತು. ಹಲ್ಲು ನೋಡುವ ಭೂತಗನ್ನಡಿ ತಂದು ಬಗ್ಗಿದಳು. ಹಸಿರು ಹೇನು! ಸಾಸಿವೆಯ ಕಾಲು ಭಾಗದಷ್ಟಿದ್ದ ಹೇನುಗಳು, ನೊಣ ನುಂಗುವ ಆ ಬಾಯಿಯ ಅಂಚಿನಲ್ಲೇ ಸಾಲಾಗಿ ಕೂತು ರಸ ಹೀರುತ್ತಿದ್ದವು. ಅವು ಎಷ್ಟು ಹಗುರವೆಂದರೆ ಗಿಡಕ್ಕೆ ತನ್ನ ಮೇಲೆ ಯಾರೋ ಕೂತಿದ್ದಾರೆಂಬುದೇ ಗೊತ್ತಾಗಿರಲಿಲ್ಲ. ಒಂದೊಂದೇ ಕುಂಡ ನೋಡುತ್ತ ಹೋದರೆ ಎಲ್ಲದರಲ್ಲೂ ಇದ್ದವು.

ತಮ್ಮನಿಗೆ ಸುದ್ದಿ ತಿಳಿದಾಗ ಬಾಗಿಲು ಹಿಡಿದುಕೊಂಡು ನಕ್ಕ. "ಹುಳ ತಿನ್ನೋ ಗಿಡಕ್ಕೇ ಹುಳ ಹತ್ತಿದ್ಯಾ! ಅಯ್ಯೋ ಅಕ್ಕಾ! ಬಿಡು, ಒಂದೇ ಒಂದ್ಸಲ ಪಂಪು ಹೊಡೀತೀನಿ, ಎಲ್ಲ ಸಾಫು."

"ನಿನ್ನ ಔಷಧಿ ಈ ಹೊಸ್ತಿಲು ದಾಟಬಾರದು."

ಅವಳಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಅಂಗಳದಲ್ಲಿ ಅವನು ಹೊಡೆದ ಎಣ್ಣೆಮದ್ದು ಗಾಳಿಗೆ ತೇಲಿ ಬಂದು ನಾಲ್ಕು ಕುಂಡಗಳ ಅಂಟುಹನಿ ಒಣಗಿ, ಎಲೆ ಕಪ್ಪಾಗಿ ಗಿಡಗಳೇ ಸತ್ತಿದ್ದವು. ತಮ್ಮ ಆಗ ಪಾಪ ಅಂದಿದ್ದ, ಅಷ್ಟೆ.

ಈಗ ಅವನ ನಗು ನಿಂತಿತು. "ನೋಡಕ್ಕ, ಭಾನುವಾರ ಹನ್ನೊಂದಕ್ಕೆ ಬಿಸ್ಕೆಟ್ ಕಾರ್ಖಾನೆ ಮ್ಯಾನೇಜರ್ ಮೇಡಂ ಬರ್ತಾರೆ. ಇಡೀ ಕಾರ್ಖಾನೆ ಕೆಲಸ. ಅಷ್ಟರೊಳಗೆ ಹೇನು ಹೋಗಿದ್ರೆ ಸರಿ. ಇಲ್ಲಾಂದ್ರೆ ನಾನೇ ಹೊಡೀತೀನಿ, ನೀನು ಅತ್ರೂ ಸರಿ, ಕೂಗಾಡಿದ್ರೂ ಸರಿ."

ಔಷಧಿಯಿಲ್ಲದೆ ಹೇನು ಕೊಲ್ಲಲು ಗಿಡದವರಿಗೆ ಗೊತ್ತಿರುವ ಉಪಾಯ ಒಂದಿದೆ: ಮುಳುಗಿಸುವುದು. ಎರಡು ದಿನ ಪೂರ್ತಿ ನೀರಿನಡಿ ಇಟ್ಟರೆ ಹೇನು ಉಸಿರುಗಟ್ಟಿ ಸಾಯುತ್ತದೆ, ಜೌಗಿನಲ್ಲಿ ಹುಟ್ಟಿದ ಗಿಡ ಬದುಕುತ್ತದೆ. ಶುಕ್ರವಾರ ಲ್ಯಾಬಿಗೆ ರಜೆ ಸಿಗಲಿಲ್ಲ. ಶನಿವಾರ ಬೆಳಗ್ಗೆ ಏಳಕ್ಕೆ ಅಕ್ಕ ತಾರಸಿಯ ಡ್ರಮ್ಮುಗಳಿಂದ ಮಳೆನೀರು ಹೊತ್ತು ತಂದು, ಮನೆಗಿದ್ದ ಒಂದೇ ಬಚ್ಚಲು, ಮಹಡಿಯ ಮೇಲಿನದು, ಅದರ ಸ್ನಾನದ ತೊಟ್ಟಿಯನ್ನು ತುಂಬಿಸಿದಳು. ಇಪ್ಪತ್ತೊಂಬತ್ತು ಕುಂಡ ಇಳಿಸಿದಳು. ಕುಂಡಗಳು ತೇಲಿದವು. ಭಾರಕ್ಕೆ ಲ್ಯಾಬಿನ ದವಡೆಯಚ್ಚು ಇಡೋಣವೆಂದರೆ ಅದು ಜಿಪ್ಸಮ್ ಗಾರೆಯದು, ನೀರಲ್ಲಿ ಕರಗಿ ಗಿಡಕ್ಕೆ ಕುತ್ತು. ತಮ್ಮನ ಹೆಂಡತಿಯ ಗಾಜಿನ ಊಟದ ತಟ್ಟೆಗಳನ್ನು ತಂದು ಹೇರಿದಳು. ತೂಗುವ ಎರಡಕ್ಕೆ ಮುಳುಗು ಒಗ್ಗದು. ಅವುಗಳ ಹೇನನ್ನು ಹಲ್ಲಿಗೆ ಬಣ್ಣ ಹಚ್ಚುವ ಕುಂಚದಿಂದ ಒಂದೊಂದಾಗಿ ಎತ್ತಿದಳು. ಆಮೇಲೆ ಬಚ್ಚಲಿಗೆ ಚಿಲಕ ಹಾಕಿ, ಬಾಗಿಲ ಮುಂದೆ ಸ್ಟೂಲ್ ಹಾಕಿಕೊಂಡು ಕೂತಳು.

"ಅತ್ತಿಗೆ, ನಾನು ತಲೆಗೆ ಎಣ್ಣೆ ಹಚ್ಕೊಂಡು ನಿಂತಿದೀನಿ!" ಅಂದಳು ತಮ್ಮನ ಹೆಂಡತಿ.

"ಸೋಮವಾರ ಏಳಕ್ಕೆ ತೊಳ್ಕೋ. ಎಣ್ಣೆ ಚೆನ್ನಾಗಿ ಹಿಡಿಯುತ್ತೆ."

ಆ ಮನೆಯಲ್ಲಿ ಎರಡು ದಿನ ಯಾರೂ ಮೈಗೆ ನೀರು ಹಾಕಿಕೊಳ್ಳಲಿಲ್ಲ. ಭಾನುವಾರ ಹತ್ತಕ್ಕೆ ತಮ್ಮ ಬೆನ್ನಿಗೆ ಪಂಪು ಕಟ್ಟಿಕೊಂಡೇ ಬಂದ. ಅಕ್ಕ ಎದ್ದು ನಿಂತಳು. ಗಿಡ್ಡ ಹೆಂಗಸು, ಅವನ ಎದೆಯ ಎತ್ತರಕ್ಕೂ ಬರದವಳು. ಆದರೆ ಸ್ಟೂಲ್ ಮೇಲೆ ನಿಂತಿದ್ದಳು.

"ಇಳಿಯಕ್ಕ."

"ಇಳಿಯಲ್ಲ."

ಅಷ್ಟರಲ್ಲಿ ಕೆಳಗೆ ಕರೆಗಂಟೆ ಸದ್ದಾಯಿತು. ಮೇಡಂ ಒಂದು ತಾಸು ಮುಂಚೆಯೇ ಬಂದಿದ್ದರು. ತಮ್ಮ ಪಂಪು ಕಳಚಿ ಓಡಿದ.

ಉತ್ಸಾಹ ಹೆಚ್ಚಾದವನ ಕೈ ಸುಮ್ಮನಿರದು. ಇಲಿ ಹಿಡಿಯುವ ತನ್ನ ಹೊಸ ಅಂಟುಹಲಗೆಯನ್ನು ತೋರಿಸಲು ಹೋಗಿ, "ಮುಟ್ಟಿ ನೋಡಿ ಮೇಡಂ," ಅಂದ. ಮೇಡಂ ಮುಟ್ಟಿದರು. ಐದು ಬೆರಳೂ ಕಚ್ಚಿಕೊಂಡವು. ಸೀಮೆಎಣ್ಣೆಯಲ್ಲಿ ಒರೆಸಿ ಹೇಗೋ ಬಿಡಿಸಿದ ಮೇಲೆ ಅವರು ಕೈ ತೊಳೆಯುವ ಜಾಗ ಕೇಳಿದರು.

"ಬಚ್ಚಲು ಕೆಟ್ಟಿದೆ ಮೇಡಂ," ಅಂದ ತಮ್ಮ.

"ಕೆಟ್ಟಿಲ್ಲ!" ಮೇಲಿನಿಂದ ಅಕ್ಕನ ದನಿ. "ನನ್ನ ಗಿಡಗಳು ನೀರಿಗಿಳಿದಿವೆ. ಕೈ ತೊಳೆಯೋಕೆ ಕೆಳಗೇ ಅಡಿಗೆಮನೆ ಇದೆ."

ಮೇಡಂಗೆ ಕುತೂಹಲ. ಮೆಟ್ಟಿಲು ಹತ್ತಿಯೇ ಬಂದರು. ಅಕ್ಕ ಮುಚ್ಚುಮರೆಯಿಲ್ಲದೆ ಹೇನಿನ ಕತೆ ಹೇಳಿದಳು. ಮೇಡಂ ನೆಲದ ಮೇಲಿದ್ದ ಪಂಪನ್ನೂ ತಮ್ಮನ ಮುಖವನ್ನೂ ನೋಡಿದರು.

"ಅಲ್ರೀ, ಹುಳ ಕೊಲ್ಲೋರ ಮನೇಲೇ ನಿಮ್ಮ ಔಷಧಿ ಬೇಡ ಅಂತಾರಲ್ಲ. ನಾವು ಹ್ಯಾಗ್ರೀ ನಂಬೋದು?"

ತಮ್ಮ ಅಕ್ಕನ ಕಡೆ ನೋಡಿದ. ಹನ್ನೆರಡು ವರ್ಷದಲ್ಲಿ ಅವನು ಅವಳನ್ನು ಹಾಗೆ ನೋಡಿರಲಿಲ್ಲ. ಏನೋ ಒಂದು ಹೇಳು, ಬೇಕಾದರೆ ಸುಳ್ಳೇ ಹೇಳು ಅನ್ನುತ್ತಿತ್ತು ಆ ನೋಟ. ಅವಳಿಗೆ ಅವನ ಮೇಲೆ ಕರುಣೆಯೂ ಬಂತು, ಕೋಪವೂ ಬಂತು. ಎರಡೂ ನಿಜವಾಗಿದ್ದವು.

"ಇವನ ಔಷಧಿ ಚೆನ್ನಾಗಿ ಕೊಲ್ಲುತ್ತೆ ಮೇಡಂ," ಅಂದಳು. "ಹೇನನ್ನೂ ಕೊಲ್ಲುತ್ತೆ, ಗಿಡವನ್ನೂ ಕೊಲ್ಲುತ್ತೆ. ಮೂರು ವರ್ಷದ ಹಿಂದೆ ನನ್ನ ನಾಲ್ಕು ಗಿಡ ಕೊಂದಿದ್ದಾನೆ. ಬದುಕೋದು ಯಾವುದೂ ಬೇಡ ಅನ್ನೋ ಕಡೆ ಧಾರಾಳವಾಗಿ ಹೊಡೆಸಿ. ನನ್ನ ಬಾಲ್ಕನಿಗೆ ಮಾತ್ರ ಬಿಡಲ್ಲ."

ಮೇಡಂ ಗಹಗಹಿಸಿ ನಕ್ಕರು. ಕೈ ತೊಳೆದು, ಚಹಾ ಕುಡಿದು, ತಿಂಗಳಿಗೆ ಎರಡು ಸಲ ಗೋದಾಮಿಗೆ ಬರಲು ಹೇಳಿ ಹೋದರು.

ಗೇಟು ಹಾಕಿದ್ದೇ ತಮ್ಮ ಎರಡೆರಡು ಮೆಟ್ಟಿಲು ಹಾರಿ ಬಂದ. ಮುಖದಲ್ಲಿ ಹಬ್ಬ.

"ಮಾನ ಉಳಿಸಿದೆ ಅಕ್ಕ! ಇನ್ಮೇಲೆ ನಿನ್ನ ಗಿಡದ ತಂಟೆಗೆ ಯಾರೂ ಬರಲ್ಲ. ಇಗೋ, ಆ ಬಾಲ್ಕನಿ ಪೂರ್ತಿ ನಿಂಗೇ ಕೊಟ್ಟೆ!"

ಅಕ್ಕ ಸ್ಟೂಲಿನಿಂದ ಇಳಿದಳು. ಸ್ಟೂಲಿಲ್ಲದೆಯೇ ಅವನೆದುರು ನೆಟ್ಟಗೆ ನಿಂತಳು.

"ಕೊಟ್ಟೆ ಅಂತೀಯಲ್ಲ, ಕೊಡೋಕೆ ಅದು ನಿಂದಾಗಿತ್ತಾ? ಅಪ್ಪ ಕಟ್ಟಿಸಿದ ಮನೆ ಇದು. ನೀನು ಹುಟ್ಟೋ ಮುಂಚೆ ನಾಲ್ಕು ವರ್ಷ ಪೂರ್ತಿ ನಂದೇ ಆಗಿತ್ತು. ಆಮೇಲೆ ನೀನು ಬಂದೆ, ನಾನು ಅರ್ಧ ಬಿಟ್ಟುಕೊಟ್ಟೆ. ಅರ್ಧ ಕಣೋ. ಪೂರ್ತಿ ಕೊಟ್ಟಿಲ್ಲ."

ತಮ್ಮನ ಕಣ್ಣು ಮೆಟ್ಟಿಲ ಪಕ್ಕದ ಗೂಡಿನ ಕಡೆ ಹೋಯಿತು.

"ನಾಳೆ ಔಷಧಿ ಡಬ್ಬಿ ಎಲ್ಲ ಚಿಕ್ಕ ಕೋಣೆಯಿಂದ ತೆಗಿ," ಅಂದಳು ಅಕ್ಕ. "ನಾನು ಅಲ್ಲಿಗೆ ಬರ್ತೀನಿ."