ಕೋಣೆಗೆ ಹತ್ತರಲ್ಲಿ ನಾಲ್ಕು

ಸೌಮ್ಯಶ್ರೀ ಇನ್ನಿಲ್ಲ ಎಂಬ ಸುದ್ದಿ ಮಣಿಪಾಲದಿಂದ ಬಂದದ್ದು ಏಕಾದಶಿಯ ಬೆಳಿಗ್ಗೆ. ತಲೆನೋವೆಂದು ಕೆಲಸದ ಜಾಗದಲ್ಲೇ ಕುಸಿದಳಂತೆ. ಆಸ್ಪತ್ರೆ ಮುಟ್ಟುವಾಗ ಉಸಿರು ಇರಲಿಲ್ಲವಂತೆ. ಮೂವತ್ತೈದು ವರ್ಷದ ಮಗಳು. ನಾನು ತುಳಸಿ ಹಿಡಿದುಕೊಂಡು ದೇವರ ಮುಂದೆ ಕೂತಿದ್ದವಳು ಹಾಗೆಯೇ ಕೂತುಬಿಟ್ಟೆ. ಅರ್ಧ ಗಂಟೆ ಕಳೆದಿರಬೇಕು, ದುಬೈಯಿಂದ ಅಳಿಯ ಉಜ್ವಲ್ ಫೋನು ಮಾಡಿದ.

"ಮಾಮಿ, ಟಿಕೆಟ್ ಆಯಿತು. ಅವಳ ಆಧಾರ್, ಬ್ಯಾಂಕಿನ ಪುಸ್ತಕ ಎಲ್ಲ ಒಂದೇ ಫೈಲಿನಲ್ಲಿ ಹಾಕಿಡಿ."

ಹೆಂಡತಿ ಸತ್ತ ದಿನ ಅವನ ಬಾಯಿಂದ ಬಂದ ಮೊದಲ ಮಾತು ಅದು.

ಅಲ್ಲಿ ಅವನು ಯಾವುದೋ ಗೋದಾಮಿನ ಮೇಲ್ವಿಚಾರಕ. ಪೆಟ್ಟಿಗೆಗಳನ್ನು ಸಾಲಾಗಿ ಇಡಿಸುವುದೇ ಕಸುಬು. ಹನ್ನೊಂದು ವರ್ಷ ಪೆಟ್ಟಿಗೆಗಳ ನಡುವೆ ಓಡಾಡಿದವನಿಗೆ ಮನೆಯೂ ಗೋದಾಮಿನ ಹಾಗೆಯೇ ಕಾಣುತ್ತದೆ. ಅವರ ಒಬ್ಬಳೇ ಮಗಳು ಮೋಕ್ಷಾ, ಎಂಟು ವರ್ಷ, ತಾಯಿಯೊಂದಿಗೆ ಪೆರ್ಡೂರಿನ ನಮ್ಮ ಮನೆಯಲ್ಲೇ ಬೆಳೆದವಳು. ಬೂದಿ ಆರಿದ ಮೂರನೆಯ ದಿನವೇ ಅವನು ಉಡುಪಿಗೆ ಹೋಗಿ ಮುಚ್ಚಳವಿರುವ ಏಳು ಪ್ಲಾಸ್ಟಿಕ್ ಬಾಕ್ಸ್ ತಂದ. ಒಂದೊಂದಕ್ಕೂ ಚೀಟಿ ಅಂಟಿಸಿದ: ಪೆನ್ಸಿಲ್, ಆಟಿಕೆ, ಕಾಲುಚೀಲ. ಕೋಣೆಯನ್ನು ತಾನೇ ಒಮ್ಮೆ ಓರಣ ಮಾಡಿ, ಫೋಟೋ ತೆಗೆದು, ಆ ಫೋಟೋವನ್ನು ಗೋಡೆಗೆ ಅಂಟಿಸಿದ. ಕೋಣೆ ದಿನವೂ ಹಾಗೆಯೇ ಇರಬೇಕಂತೆ. ಸಂಜೆ ಆರಕ್ಕೆ ಬಾಗಿಲಲ್ಲಿ ನಿಂತು ಹತ್ತರಲ್ಲಿ ಅಂಕ ಕೊಡುತ್ತಿದ್ದ.

ಮಗು ಅಚ್ಚುಕಟ್ಟಿನವಳೆಂದು ನಾನು ಹೇಳುವುದಿಲ್ಲ. ಅವಳ ಒಂದು ಚಪ್ಪಲಿ ಜಗಲಿಯಲ್ಲಿದ್ದರೆ ಇನ್ನೊಂದು ಬಾವಿಕಟ್ಟೆಯಲ್ಲಿ. ಕಲಿಸಬೇಕಾದ್ದು ನಿಜ. ಆದರೆ ತಾಯಿ ಸತ್ತ ವಾರದಲ್ಲಿ ಅಂಕ ಕೊಡುವವನನ್ನು ನಾನು ಈ ವಯಸ್ಸಿಗೆ ಮೊದಲ ಸಲ ನೋಡಿದೆ.

"ನಾಲ್ಕು" ಎಂದ ಮೊದಲ ಸಂಜೆ. "ಬಣ್ಣದ ಕಡ್ಡಿ ಆಟಿಕೆಯ ಬಾಕ್ಸಿನಲ್ಲಿ ಎಂತಕ್ಕೆ ಉಂಟು?"

"ಅದರಲ್ಲಿ ಆಡುವುದು ಅಲ್ವಾ ಪಪ್ಪ."

"ಎದುರು ಮಾತಾಡಿದ್ದಕ್ಕೆ ಮೂರೂವರೆ."

"ಉಜ್ವಲ್, ಅರ್ಧ ಅಂಕ ಉಳಿಸಿ ದುಬೈಗೆ ಕೊಂಡುಹೋಗುತ್ತೀರಾ?" ಎಂದು ಕೇಳಿದೆ. ಅಳಿಯನಿಗೆ ಬಹುವಚನ ಬಿಡುವ ಕ್ರಮ ನಮ್ಮಲ್ಲಿಲ್ಲ. ತಾತ್ಸಾರವನ್ನೂ ಮರ್ಯಾದೆಯ ಮಾತಿನಲ್ಲೇ ಹೇಳಬೇಕು.

ಅವನು ನಗಲಿಲ್ಲ. "ಮಾಮಿ, ನಾನು ಹೋಗುವುದರೊಳಗೆ ಎಂಟು ಬಂದರೆ ಇಲ್ಲೇ ಇರಲಿ. ಇಲ್ಲದಿದ್ದರೆ ಜೂನ್‌ನಿಂದ ಹಾಸ್ಟೆಲ್. ಅಲ್ಲಿ ಶಿಸ್ತು ತಾನಾಗಿ ಬರುತ್ತದೆ."

ಮಗು ಕೇಳಿಸಿಕೊಂಡಿತು. ಆಮೇಲೆ ಅದು ಆಡುವುದನ್ನೇ ಬಿಟ್ಟಿತು. ಹಾಸಿಗೆ ಮುದುಡಬಾರದೆಂದು ನೆಲದಲ್ಲಿ ಮಲಗಿತು. ಆದರೂ ಐದರ ಮೇಲೆ ಏರಲಿಲ್ಲ. ಅವನಿಗೆ ಏನಾದರೊಂದು ತಪ್ಪು ಸಿಗುತ್ತಿತ್ತು.

ಹದಿಮೂರನೆಯ ದಿನ ಬೊಜ್ಜ, ಸತ್ತವರ ಉತ್ತರಕ್ರಿಯೆ. ಮುಚ್ಚಂಜೆಗೆ ಸತ್ತವರನ್ನು ಮನೆಯೊಳಗೆ ಕರೆಯುವ ಕ್ರಮ ನಮ್ಮದು. ಒಳಕೋಣೆಯಲ್ಲಿ ಮಣೆಯಿಟ್ಟು, ಅವರು ಉಟ್ಟು ಹಳತಾದ ಬಟ್ಟೆಯೊಂದನ್ನು ಮಣೆಯ ಮೇಲೆ ಹಾಸಿ, ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಉಟ್ಟ ಬಟ್ಟೆಯ ಗುರುತು ಹಿಡಿದೇ ಅವರು ಒಳಗೆ ಬರುವುದು. ಹಿರಿಯನಾಗಿ ನಿಂತವನು ನನ್ನ ಅಣ್ಣ ಹೂವಪ್ಪ. ಬಟ್ಟೆ ತರುವ ಕೆಲಸವನ್ನು ಅಳಿಯನೇ ವಹಿಸಿಕೊಂಡಿದ್ದ. ತಂದದ್ದು ಮಡಿಕೆ ಬಿಡಿಸದ ರೇಷ್ಮೆ ಸೀರೆ. ಅಂಗಡಿಯ ಚೀಟಿ ಇನ್ನೂ ಅದರಲ್ಲೇ ಇತ್ತು.

"ಇದು ಅವಳು ಉಟ್ಟದ್ದಾ?" ಅಣ್ಣ ಕೇಳಿದ.

"ಇಲ್ಲ ಮಾಮ, ಹೊಸತು. ಇದ್ದದ್ದರಲ್ಲಿ ಒಳ್ಳೆಯದು ಇದೇ."

"ಅಯ್ಯೋ ಮಾರಾಯ, ಕರೆಯುವುದು ನಮ್ಮ ಸೌಮ್ಯನನ್ನು, ಸೀರೆ ಅಂಗಡಿಯವನನ್ನಲ್ಲ! ಹಳತು ತನ್ನಿ."

"ಹಳತೆಲ್ಲ ಮೊನ್ನೆಯೇ ಪ್ಯಾಕ್ ಮಾಡಿ ಕಾರ್ಕಳದ ಅನಾಥಾಲಯಕ್ಕೆ ಕಳಿಸಿದೆ. ಮೂರು ಪೆಟ್ಟಿಗೆ. ಸುಮ್ಮನೆ ಜಾಗ ಹಿಡಿಯುತ್ತಿತ್ತು."

ಬಡಿಸಿದ ಅನ್ನ ಆರುತ್ತಿತ್ತು. ನನ್ನನ್ನು ಕೇಳದೆ, ನಾನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ನನ್ನ ಮಗಳನ್ನು ಮೂರು ಪೆಟ್ಟಿಗೆ ಮಾಡಿ ಕಳಿಸಿದ್ದ. ಇಷ್ಟು ಓರಣದ ಮೂರ್ಖನನ್ನು ಹುಡುಕಿ ನಾನೇ ಧಾರೆಯೆರೆದು ಕೊಟ್ಟೆನಲ್ಲ ಎಂದು ನನ್ನ ಮೇಲೂ ಹೇಸಿಗೆಯಾಯಿತು.

ಆಗ ಮೋಕ್ಷಾ ಶಾಲೆಯ ಚೀಲ ತಂದಳು. ಪುಸ್ತಕಗಳ ಹಿಂದಿನಿಂದ ತಾಯಿಯ ನೈಟಿಯೊಂದನ್ನು ಎಳೆದಳು. ತೋಳು ಹರಿದದ್ದು, ಒಗೆಯದ್ದು.

ಅಳಿಯ ಕೇಳಿದ್ದೇನು ಗೊತ್ತೇ? "ಇದು ಯಾವ ಬಾಕ್ಸಿನಲ್ಲಿತ್ತು?"

"ಯಾವುದರಲ್ಲೂ ಇಲ್ಲ. ಅಮ್ಮಂದು ಅಂತ ನೀವು ಬಾಕ್ಸೇ ಮಾಡಲಿಲ್ಲ."

ಅವನ ಮುಖ ಇಳಿಯಿತು. ನಾನು ಕೈ ಚಾಚಿದೆ. ಮಗು ಬಟ್ಟೆಯನ್ನು ಎದೆಗೊತ್ತಿ ಹಿಂದೆ ಸರಿಯಿತು.

"ನೀವೂ ಆಮೇಲೆ ಕೊಟ್ಟುಬಿಡುತ್ತೀರಿ ಅಜ್ಜಿ."

ಅದು ಸುಳ್ಳಲ್ಲ. ಸತ್ತವರಿಗೆ ಹಾಸಿದ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ದಾನ ಕೊಡಬೇಕು. ನನ್ನ ತಾಯಿಯ ಸೀರೆಯನ್ನು ನಾನೇ ಕೈಯೆತ್ತಿ ಕೊಟ್ಟಿದ್ದೇನೆ.

"ಕೊಡುವುದಿಲ್ಲ. ಬಾಗಿಲು ತೆರೆದ ಕೂಡಲೆ ನಿನ್ನ ಕೈಗೇ" ಎಂದೆ.

"ರತ್ನಾ, ಕ್ರಮ ಹಾಗಲ್ಲ" ಎಂದ ಅಣ್ಣ.

"ಕ್ರಮ ನನಗೆ ಗೊತ್ತುಂಟು ಅಣ್ಣ. ಪಾಪ ಬಂದರೆ ನನ್ನ ತಲೆಗೆ ಬರಲಿ. ನೀನು ಬಾಗಿಲು ಮುಚ್ಚು."

ಮುಚ್ಚಿದ. ನಾವು ಹೊರಗೆ ಕೈಮುಗಿದು ನಿಂತೆವು. ತೆರೆದ ಮೇಲೆ ನೈಟಿಯನ್ನು ಮಗುವಿಗೆ ಕೊಟ್ಟೆ. ನನ್ನ ಕಪಾಟಿನ ಕೆಳಗಿನ ಶೆಲ್ಫಿನಲ್ಲಿದ್ದ ಸೀರೆಗಳನ್ನು ತೆಗೆದು ಮೇಲೆ ತುರುಕಿದೆ.

"ಇದು ನಿನ್ನದು. ಎಂತ ಇಡಬೇಕು, ಹೇಗೆ ಇಡಬೇಕು, ನಿನ್ನ ಇಷ್ಟ. ನಿನ್ನನ್ನು ಕೇಳದೆ ನಾನೂ ಮುಟ್ಟುವುದಿಲ್ಲ. ಕರೆಂಟು ಹೋದರೂ ನಿನಗೆ ಬೇಕಾದ್ದು ಕೈಗೆ ಸಿಗಬೇಕು. ಓರಣ ಎಂದರೆ ಅಷ್ಟೇ."

ಮಗು ಕೂತು ಕೆಲಸ ಮಾಡಿತು. ಬಟ್ಟೆಯನ್ನು ಮಡಚಿ, ಸರಿಯಾಗಲಿಲ್ಲವೆಂದು ಬಿಡಿಸಿ, ಹರಿದ ತೋಳು ಒಳಗೆ ಹೋಗುವಂತೆ ಮತ್ತೆ ಮಡಚಿತು. ಬದಿಯಲ್ಲಿ ತಾಯಿಯ ಬಾಚಣಿಗೆ, ಆಚೆಗೆ ತನ್ನ ಪುಸ್ತಕ. ಯಾರೂ ಹೇಳಿಕೊಡಲಿಲ್ಲ.

ಉಜ್ವಲ್ ಬಂದು ನೋಡಿದ. ಅಭ್ಯಾಸಬಲ, ಪುಸ್ತಕ ನೆಟ್ಟಗೆ ಮಾಡಲು ಕೈ ಹಾಕಿದ.

"ಅವಳನ್ನು ಕೇಳಿ ಮುಟ್ಟಿ" ಎಂದೆ.

ಕೈ ಹಿಂದೆ ತೆಗೆದ. "ಮುಟ್ಟಲಾ ಮಗಾ?" ಎಂದು ಕೇಳಿದ.

ಅವಳು ಆಲೋಚನೆ ಮಾಡಿದಳು. "ಇವತ್ತು ಬೇಡ ಪಪ್ಪ."

ಅವನು ಅಲ್ಲೇ ನೆಲದ ಮೇಲೆ ಕೂತ. ಊರಿಗೆ ಬಂದ ಮೇಲೆ ಮೊದಲ ಸಲ ಅತ್ತ. ಎರಡು ದಿನ ಬಿಟ್ಟು ಹೊರಡುವಾಗ, "ಮೋಕ್ಷಾ ಇಲ್ಲೇ ಇರಲಿ ಮಾಮಿ" ಎಂದ. ಇಷ್ಟಕ್ಕೆ ಅವನು ದೊಡ್ಡ ಮನುಷ್ಯನಾದನೆಂದು ನಾನು ಹೇಳಲಾರೆ. ಎಂಟು ವರ್ಷದ ಮಗುವಿಗೆ ತಿಳಿದದ್ದು ಅವನಿಗೆ ತಿಳಿಯಲು ಹದಿಮೂರು ದಿನ ಹಿಡಿಯಿತು, ಅದೂ ನಾಲ್ಕು ಜನರ ಎದುರು. ಆದರೂ ಮಗು ಮನೆಯಲ್ಲಿ ಉಳಿಯಿತು.

ಅನಂತಪದ್ಮನಾಭಾ, ನನ್ನ ಮಗಳು ಹೋದ ದಾರಿಯಲ್ಲಿ ಬಿಸಿಲು ಇಲ್ಲದಿರಲಿ, ಬಾಯಾರಿಕೆ ಇಲ್ಲದಿರಲಿ. ಹಿಂದಿರುಗಿ ನೋಡುವ ಚಿಂತೆ ಅವಳಿಗೆ ಬೇಡ, ಇಲ್ಲಿ ನಾನಿದ್ದೇನೆ. ಅವಳನ್ನು ನಿನ್ನ ಪಾದದ ಹತ್ತಿರ ಕೂರಿಸಿಕೋ. ಅವಳ ಆತ್ಮಕ್ಕೆ ಶಾಂತಿ ಕೊಡು, ಸ್ವಾಮೀ.